ಗಾಳಿಯಿಲ್ಲದ ದಿನದ ಹೆದ್ದೆರೆ

ಕಡಲತೀರದ ಊರೊಂದರ ಶಾಲೆಯಲ್ಲಿ ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ, ‘ತೆರೆಗಳು ಗಾಳಿಯಿಂದ ಹುಟ್ಟುವುವು’ ಎಂದು ಪ್ರತಿವರ್ಷವೂ ಮಕ್ಕಳಿಂದ ಬರೆಯಿಸುತ್ತಿದ್ದೆವು. ಒಂದು ವರ್ಷ ಮೊಗವೀರರ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಈ ದಿನ ತೆಂಗಿನ ಗರಿಯೂ ಅಲ್ಲಾಡುತ್ತಿಲ್ಲ. ಆದರೂ ಅಳಿವೆಯಲ್ಲಿ ದೋಣಿ ದಾಟಿಸಲು ಆಗದಷ್ಟು ತೆರೆ ಇದೆ. ಅದು ಹೇಗೆ?” ಎಂದು ಕೇಳಿದನು. ನಾವು “ಕುಳಿತುಕೊ” ಎಂದೆವು. ಉತ್ತರವು ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿ ನಮಗಿರಲಿಲ್ಲ.

ಈಚೆಗೆ ನಮ್ಮ ಸೋದರಳಿಯನು ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ ನಡೆದ ಸರ್ಫಿಂಗ್ ಪಂದ್ಯವನ್ನು, ಎಂದರೆ ಹಲಗೆಯ ಮೇಲೆ ನಿಂತು ತೆರೆಯ ಸವಾರಿ ಮಾಡುವ ಆಟವನ್ನು, ನೋಡಿಬಂದು ಅದರ ಮಾತನ್ನೇ ಆಡುತ್ತಿದ್ದನು. ಅವನ ನೆವದಿಂದ ಆ ಹಳೆಯ ಪ್ರಶ್ನೆಯು ಮರಳಿ ಮನಸ್ಸಿಗೆ ಬಂದಿತು. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಅಲ್ಲಲ್ಲಿಯೇ ಬೀಸುವ ಗಾಳಿಯಿಂದೆದ್ದ ತೆರೆಯು ಗಿಡ್ಡದು, ಕ್ರಮವಿಲ್ಲದ್ದು. ಎಲ್ಲಿಯೋ ಬಹುದೂರದಲ್ಲಿ ಬಿರುಗಾಳಿಯು ದಿನಗಟ್ಟಲೆ ಕಡಲನ್ನು ಕಡೆದಾಗ ಹೊರಟ ತೆರೆಯ ಬಗೆಯೇ ಬೇರೆ. ಬಿರುಗಾಳಿಯ ಎಲ್ಲೆಯನ್ನು ದಾಟಿದೊಡನೆ ಉದ್ದ ತೆರೆಗಳು ಮುಂದಾಗಿ, ಗಿಡ್ಡ ತೆರೆಗಳು ಹಿಂದುಳಿದು, ಸೈನ್ಯದಂತೆ ಸಾಲುಗಟ್ಟುವುವು. ಒಂದು ಉಬ್ಬಿಗೂ ಮುಂದಿನ ಉಬ್ಬಿಗೂ 18 ಸೆಕೆಂಡುಗಳ ಅಂತರವಿರುವ ತೆರೆಗಳ ಸಾಲು ಆಳವಾದ ಸಮುದ್ರದಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಿಂದ ಸಾಗುವುದು. 10,000 ಕಿಲೋಮೀಟರ್ ದೂರವನ್ನು ಎಂಟೊಂಬತ್ತು ದಿನಗಳಲ್ಲಿ ಮುಟ್ಟುವುದು. ಆದರೆ ನೀರು ಮಾತ್ರ ಊರು ಬಿಡುವುದಿಲ್ಲ. ನಿಂತಲ್ಲಿಯೇ ಮೇಲೆದ್ದು ಸುತ್ತಿ ಕೆಳಗಿಳಿಯುವುದು. ಪಯಣಿಸುವುದು ಶಕ್ತಿಯೇ ಹೊರತು ಜಲವಲ್ಲ.

1963ನೆಯ ಇಸವಿಯಲ್ಲಿ ವಾಲ್ಟರ್ ಮಂಕ್ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ನ್ಯೂಜೀಲೆಂಡಿನಿಂದ ಸಮೋವಾ, ಹವಾಯಿಗಳ ಮಾರ್ಗವಾಗಿ ಅಲಾಸ್ಕದವರೆಗೆ ಅಳತೆಯ ಠಾಣೆಗಳನ್ನಿಟ್ಟು, ದಕ್ಷಿಣ ಮಹಾಸಾಗರದ ಬಿರುಗಾಳಿಗಳ ತೆರೆಗಳು ಇಡೀ ಪೆಸಿಫಿಕ್ ಸಾಗರವನ್ನು ಹಾದುಹೋಗುವುದನ್ನು ಕಂಡರು. ಬಿರುಗಾಳಿಯ ಸೀಮೆಯನ್ನು ಬಿಟ್ಟ ಮೇಲೆ ದಾರಿಯಲ್ಲಿ ಅವುಗಳ ಶಕ್ತಿಯು ಸವೆಯುವುದು ಬಹಳ ಸ್ವಲ್ಪವೆಂದೂ ಅವರಿಗೆ ತಿಳಿಯಿತು. ದಕ್ಷಿಣಾರ್ಧದಲ್ಲಿ ಚಳಿಗಾಲವಿದ್ದಾಗ ಉತ್ತರಾರ್ಧದಲ್ಲಿ ಬೇಸಗೆಯಷ್ಟೆ. ಆದುದರಿಂದಲೇ ಹವಾಯಿಯ ಓಆಹು ದ್ವೀಪದ ದಕ್ಷಿಣ ತೀರದಲ್ಲಿ ಜೂನ್, ಜುಲೈ ತಿಂಗಳ ಪ್ರಸನ್ನವಾದ ಹಗಲಿನಲ್ಲಿ, ನೀಲಿ ಆಕಾಶದ ಕೆಳಗೆ, ಯಾವ ಸೂಚನೆಯೂ ಇಲ್ಲದೆ ಹೆದ್ದೆರೆಗಳು ಬಂದು ನಿಲ್ಲುವುವು.

ಅಮರಕೋಶದಲ್ಲಿ ತೆರೆಗೆ ಭಂಗ, ತರಂಗ, ಊರ್ಮಿ, ವೀಚಿ ಎಂದೂ, ದೊಡ್ಡ ತೆರೆಗೆ ಉಲ್ಲೋಲ, ಕಲ್ಲೋಲ ಎಂದೂ ಹೆಸರುಗಳುಂಟು. ಭಂಗವೆಂದರೆ ಮುರಿಯುವುದು. ಹಲಗೆಯ ಸವಾರರು ತೆರೆ ಏಳುವ ಸ್ಥಳವನ್ನು ಇಂಗ್ಲಿಷಿನಲ್ಲಿ ‘ಬ್ರೇಕ್’ ಎನ್ನುವರೆಂದು ಸೋದರಳಿಯನು ಹೇಳಿದಾಗ ನಮಗೆ ಸಂತೋಷವಾಯಿತು. ತಳದ ನೆಲವು ಮೇಲೇರಿದಂತೆಲ್ಲ ತೆರೆಯ ಕಾಲು ತಡೆದು, ತಲೆಯು ಮುಂದಕ್ಕೆ ವಾಲಿ ಮುರಿಯುವುದು. ಆ ಮುರಿಯುವ ಅಂಚಿಗೆ ಸ್ವಲ್ಪ ಮುಂದಾಗಿ ಇಳಿಜಾರಿನಲ್ಲಿ ಜಾರುತ್ತ ಹೋಗುವುದೇ ಈ ವಿದ್ಯೆ. ಹವಾಯಿಯವರ ‘ಹೇಏ ನಾಲು’ ಎಂಬ ಹೆಸರಿನ ಅರ್ಥವೂ ತೆರೆಯ ಮೇಲೆ ಜಾರುವುದೆಂದೇ.

ಈ ವಿದ್ಯೆಯನ್ನು ಹೊರನಾಡುಗಳಿಗೆ ಪರಿಚಯಿಸಿದವರಲ್ಲಿ ಹೊನೊಲುಲುವಿನ ಡ್ಯೂಕ್ ಕಹಾನಮೊಕು ಅವರು ಮುಖ್ಯರು. ‘ಡ್ಯೂಕ್’ ಎಂಬುದು ಪದವಿಯಲ್ಲ, ತಂದೆಯಿಂದ ಬಂದ ಹೆಸರು. 1890ರಲ್ಲಿ ಹುಟ್ಟಿದ ಇವರು 1912ರಲ್ಲಿಯೂ 1920ರಲ್ಲಿಯೂ ಒಲಿಂಪಿಕ್ ಪಂದ್ಯಗಳ ನೂರು ಮೀಟರ್ ಈಜಿನಲ್ಲಿ ಚಿನ್ನದ ಪದಕ ಪಡೆದರು. 1917ರ ಬೇಸಗೆಯಲ್ಲಿ ವೈಕೀಕಿಯಲ್ಲಿ ಅಪೂರ್ವವಾದ ಹೆದ್ದೆರೆಗಳೆದ್ದ ಒಂದು ದಿನ, ಒಂದೇ ತೆರೆಯ ಮೇಲೆ ಮೈಲಿಗೂ ಮಿಗಿಲಾದ ದೂರವನ್ನು ಅವರು ಸಾಗಿದರೆಂಬ ಮಾತು ಇಂದಿಗೂ ಅಲ್ಲಿ ಮನೆಮಾತಾಗಿದೆ. ಆದರೆ ನಾವು ಹೇಳಬೇಕೆಂದಿರುವುದು ಬೇರೊಂದು ಬೇಸಗೆಯ ದಿನದ ಸಂಗತಿ.

1925ನೆಯ ಇಸವಿ ಜೂನ್ 14ನೆಯ ತಾರೀಖು. ಸ್ಥಳ, ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಂದರಿನ ಪಕ್ಕದ ಕೊರೋನ ಡೆಲ್ ಮಾರ್. ಡ್ಯೂಕರೂ ಅವರ ಗೆಳೆಯರೂ ಹಲಗೆಗಳೊಡನೆ ತೆರೆಯಾಟಕ್ಕೆಂದು ಅಲ್ಲಿ ಸೇರಿದ್ದರು. ತೆರೆಗಳೋ ಆಟಗಾರರು ಬಯಸುವಷ್ಟು, ಅದಕ್ಕೂ ಹೆಚ್ಚಾಗಿಯೇ ಎದ್ದಿದ್ದುವು. ಅಷ್ಟರಲ್ಲಿ ‘ಥೆಲ್ಮ’ ಎಂಬ ಮೀನುಗಾರಿಕೆಯ ನೌಕೆಯೊಂದು 17 ಮಂದಿಯನ್ನು ಹೊತ್ತು ಬಂದರಿನ ಬಾಯಿಯಲ್ಲಿ ಕಾಣಿಸಿಕೊಂಡಿತು. ನಮ್ಮ ಕರಾವಳಿಯವರಿಗೆ ಅಳಿವೆಯ ಬಾಯಿಯೆಂದರೆ ಏನೆಂದು ವಿವರಿಸಬೇಕಾಗಿಲ್ಲ. ನಡುಗಡಲಿನಲ್ಲಿ ಹಾನಿ ಮಾಡದ ತೆರೆಯು ಅಲ್ಲಿ ಗೋಡೆಯಾಗಿ ಬೀಳುವುದು. ಥೆಲ್ಮದ ಮೇಲೆಯೂ ಹಾಗೆಯೇ ಬಿದ್ದಿತು. ನೌಕೆಯು ಮಗುಚಿ, ಜನರೆಲ್ಲರೂ ನೊರೆಯ ನಡುವೆ ಚೆಲ್ಲಿಹೋದರು.

ಡ್ಯೂಕರು ಹಲಗೆಯನ್ನು ನೀರಿಗೆ ನೂಕಿ ಹೊರಟರು. ಆಗ ಅವರಿಗೆ 34 ವರ್ಷ. ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಬರಿಗೈಯ ಈಜುಗಾರನು ಎಷ್ಟೇ ಸಮರ್ಥನಾದರೂ ಆ ನೊರೆಯಲ್ಲಿ ಒಬ್ಬನನ್ನು ಎಳೆದು ತರುವುದೇ ಕಷ್ಟ. ಮುಳುಗುವವನು ಭಯದಿಂದ ಅಪ್ಪಿಕೊಂಡರೆ ಇಬ್ಬರೂ ಹೋಗುವರು. ಹಲಗೆಯಾದರೋ ತಾನೇ ತೇಲುವುದು. ಇಬ್ಬರು ಮೂವರು ಹಿಡಿದುಕೊಳ್ಳಬಹುದು. ತೀರದ ಕಡೆಗೆ ಬರುವಾಗ ಯಾವ ತೆರೆಯು ಜನರನ್ನು ಮುಳುಗಿಸಿತೋ ಅದೇ ತೆರೆಯು ಅವರನ್ನು ಹೊತ್ತುತರುವುದು. ಡ್ಯೂಕರು ಮೂರು ಬಾರಿ ಹೋಗಿಬಂದು ಎಂಟು ಜನರನ್ನು ಉಳಿಸಿದರು. ಇತರರು ನಾಲ್ವರನ್ನು ತಂದರು. ಐವರು ತೀರಿಕೊಂಡರು.

ಹನ್ನೆರಡು ಉಳಿಯಿತೆಂದು ಹೇಳುವುದು ಸುಲಭ. ಆದರೆ ಮೂರನೆಯ ಬಾರಿ ಹಿಂದಿರುಗಿದ ಮೇಲೆ, ನಾಲ್ಕನೆಯ ಬಾರಿಗೆ ಹುಡುಕಲು ಯಾರೂ ಕಾಣಿಸದಿದ್ದ ಆ ಗಳಿಗೆಯನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ.

ಅನಂತರ ಆ ಪ್ರಾಂತದ ಸಮುದ್ರತೀರದ ಕಾವಲುಗಾರರು ಹಲಗೆಯನ್ನು ಪ್ರಾಣರಕ್ಷಣೆಯ ಸಾಧನವಾಗಿ ಬಳಸತೊಡಗಿದರು. ಬೆಳಗ್ಗೆ ಆಟದ ಸಾಮಾನಾಗಿದ್ದುದು ಸಂಜೆಯೊಳಗೆ ಉಪಕರಣವಾಯಿತು. ಇನ್ನು ಆ ಬಂದರಿನ ಬಾಯಿಯ ಸಂಗತಿ. 1930ರ ದಶಕದಲ್ಲಿ ಅಲ್ಲಿಯ ಕಲ್ಲುಕಟ್ಟೆಗಳನ್ನು ಕಡಲೊಳಕ್ಕೆ ಉದ್ದವಾಗಿ ಬೆಳೆಸಿ, ಕಾಲುವೆಯನ್ನು ಆಳ ಮಾಡಿದರು. ನೌಕೆಗಳಿಗೆ ದಾರಿ ನಿರ್ಭಯವಾಯಿತು. ಅದರೊಡನೆ ಕೊರೋನ ಡೆಲ್ ಮಾರಿನ ಪ್ರಖ್ಯಾತವಾದ ಸವಾರಿಯ ತೆರೆಗಳೂ ಇಲ್ಲದಾದುವು. ಹಳೆಯ ಆಟಗಾರರು ಇದಕ್ಕಾಗಿ ಮರುಗಿದರಂತೆ. ಅಳಿವೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ಕಂಡಿರುವ ನಮಗೆ ಅಷ್ಟು ಮರುಕ ಬಾರದು.

ಡ್ಯೂಕರು 1968ರಲ್ಲಿ ತೀರಿಕೊಂಡರು. ಅವರ ಬೂದಿಯನ್ನು ವೈಕೀಕಿಯ ಕಡಲಿನಲ್ಲಿಯೇ ಬಿಟ್ಟರು. ನಮಗೆ ಪ್ರಶ್ನೆ ಹಾಕಿದ ಆ ಹುಡುಗನು ಈಗ ಸ್ವಂತ ದೋಣಿಯುಳ್ಳ ಗೃಹಸ್ಥನು. ಕಳೆದ ತಿಂಗಳು ಅವನ ಮನೆಗೆ ಹೋಗಿ, ಸಾವಿರಾರು ಮೈಲಿ ದೂರದ ಬಿರುಗಾಳಿಯ ವಿಷಯವನ್ನೆಲ್ಲ ಹೇಳಿದೆವು. ಅವನು ವಿನಯದಿಂದ ಕೇಳಿ, “ಹೌದು ಸಾರ್, ‘ಇದು ಈ ಊರಿನ ತೆರೆಯಲ್ಲ’ ಎಂದು ನಮ್ಮ ಅಜ್ಜ ಆಗಲೇ ಹೇಳುತ್ತಿದ್ದರು” ಎಂದನು.