ಆಹಾರದ ಕೊಬ್ಬು ಮತ್ತು ಕ್ಯಾನ್ಸರ್ ಬೆಳವಣಿಗೆ: ಎಣ್ಣೆಕಾಳು ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಕುಸುಬೆ ಮತ್ತು ಸೂರ್ಯಕಾಂತಿ ಎಣ್ಣೆಯಿಂದ ಕ್ಯಾನ್ಸರ್ ಬರುತ್ತದೆಯೇ, ರೋಗ ಬಂದ ಮೇಲೆ ಎಣ್ಣೆ, ತುಪ್ಪಗಳನ್ನು ಸಂಪೂರ್ಣವಾಗಿ ಬಿಡಬೇಕೇ ಎಂಬ ಪ್ರಶ್ನೆಗಳು ಎಣ್ಣೆಕಾಳು ಬೆಳೆಯುವ ಕುಟುಂಬಗಳಿಗೆ ಎರಡು ಬಗೆಯಲ್ಲಿ ಸಂಬಂಧಿಸಿವೆ. ಒಂದು ಊಟದ ತಟ್ಟೆಯ ವಿಚಾರ, ಇನ್ನೊಂದು ಹೊಲದ ಆದಾಯದ ವಿಚಾರ. ಆದ್ದರಿಂದ ಸಂಶೋಧನೆಗಳು ಈವರೆಗೆ ಏನನ್ನು ತೋರಿಸಿವೆ ಎಂಬುದನ್ನು ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರು ಸರಿಯಾಗಿ ಅರಿಯುವುದು ಅವಶ್ಯಕ.

ಕ್ಯಾನ್ಸರ್ ಕೋಶಗಳು ಎಡೆಬಿಡದೆ ವಿಭಜನೆಗೊಳ್ಳುತ್ತವೆ. ಪ್ರತಿಯೊಂದು ಹೊಸ ಕೋಶದ ಹೊರಪೊರೆಯನ್ನು ಕಟ್ಟಲು ಕೊಬ್ಬಿನಾಮ್ಲಗಳು ಬೇಕು. ಶಕ್ತಿಯ ಮೂಲವಾಗಿಯೂ ಅವು ಬಳಕೆಯಾಗುತ್ತವೆ. ಈ ಕೊಬ್ಬನ್ನು ಕೋಶವು ಸ್ವತಃ ತಯಾರಿಸಿಕೊಳ್ಳಬಲ್ಲದು, ಇಲ್ಲವೇ ರಕ್ತದಿಂದ ಹೀರಿಕೊಳ್ಳಬಲ್ಲದು. ಆಹಾರದ ಕೊಬ್ಬಿಗೂ ಗಡ್ಡೆಯ ಬೆಳವಣಿಗೆಗೂ ನಂಟು ಇರಬಹುದೆಂಬ ಅನುಮಾನ ಹೊಸದಲ್ಲ. 1942ರಲ್ಲಿಯೇ ಅಮೆರಿಕದ ಆಲ್ಬರ್ಟ್ ಟ್ಯಾನೆನ್‌ಬಾಮ್ ಅವರು ಅಧಿಕ ಕೊಬ್ಬಿನ ಆಹಾರ ಪಡೆದ ಇಲಿಗಳಲ್ಲಿ ಕೆಲವು ಬಗೆಯ ಗಡ್ಡೆಗಳು ಹೆಚ್ಚುವುದನ್ನು ವರದಿ ಮಾಡಿದ್ದರು.

ಎಲ್ಲ ಕೊಬ್ಬೂ ಒಂದೇ ಬಗೆಯಲ್ಲಿ ವರ್ತಿಸುವುದಿಲ್ಲ ಎಂಬುದು ಇತ್ತೀಚಿನ ಅಧ್ಯಯನಗಳಿಂದ ತಿಳಿದುಬಂದಿದೆ. ಸ್ಪೇನಿನ ಬಾರ್ಸಿಲೋನಾದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪಾಮಿಟಿಕ್ ಆಮ್ಲವು ಬಾಯಿಯ ಕ್ಯಾನ್ಸರ್ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇಲಿಗಳ ದೇಹದ ಇತರ ಅಂಗಗಳಿಗೆ ಹರಡುವುದನ್ನು ಹೆಚ್ಚಿಸಿತು. ಒಲೀಕ್ ಮತ್ತು ಲಿನೋಲಿಯಿಕ್ ಆಮ್ಲಗಳು ಹಾಗೆ ಮಾಡಲಿಲ್ಲ. ತಾಳೆ ಎಣ್ಣೆಯಲ್ಲಿ ಪಾಮಿಟಿಕ್ ಆಮ್ಲ ಸುಮಾರು ಶೇ. 44ರಷ್ಟಿದ್ದು, ತುಪ್ಪದಲ್ಲಿಯೂ ಗಣನೀಯವಾಗಿದೆ. ಇನ್ನು 2025ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ತಂಡವು, ಅದೇ ಲಿನೋಲಿಯಿಕ್ ಆಮ್ಲವು 'ಟ್ರಿಪಲ್ ನೆಗೆಟಿವ್' ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಕೋಶಗಳ ಬೆಳವಣಿಗೆಗೆ ಚಾಲನೆ ನೀಡುವ ವ್ಯವಸ್ಥೆಯನ್ನು ಪ್ರಚೋದಿಸುವುದನ್ನು ಇಲಿಗಳಲ್ಲಿ ಕಂಡಿತು. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಲ್ಲಿ ಈ ಪರಿಣಾಮ ಕಾಣಲಿಲ್ಲ.

ಒಂದೇ ಕೊಬ್ಬಿನಾಮ್ಲವು ಒಂದು ಕ್ಯಾನ್ಸರಿನಲ್ಲಿ ನಿರುಪದ್ರವಿ, ಇನ್ನೊಂದರಲ್ಲಿ ಪ್ರಚೋದಕ! ಹೀಗಿರುವಾಗ 'ಈ ಎಣ್ಣೆ ವಿಷ, ಆ ಎಣ್ಣೆ ಅಮೃತ' ಎಂಬ ತೀರ್ಮಾನಕ್ಕೆ ಆಧಾರವಿಲ್ಲ. ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಸುಮಾರು ಮುಕ್ಕಾಲು ಭಾಗ ಇರುವುದು ನಿಜ. ಆದರೆ ಅದು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ದೊರೆಯಬೇಕಾದ ಆಮ್ಲ. ಕುಸುಬೆ ಬೆಳೆಗಾರರು ಈ ಇಲಿ ಪ್ರಯೋಗಗಳನ್ನು ಕೇಳಿ ಬೆಳೆಯನ್ನು ಕೈಬಿಡಬೇಕಾಗಿಲ್ಲ.

ಮನುಷ್ಯರಲ್ಲಿ ನಡೆದ ಅತಿ ದೊಡ್ಡ ಪರೀಕ್ಷೆಯಲ್ಲಿ ಅಮೆರಿಕದ 48,835 ಮಹಿಳೆಯರು ಭಾಗವಹಿಸಿದ್ದರು. ಎಲ್ಲರೂ ಋತುಬಂಧ ದಾಟಿದವರು. ಅವರಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆ ಮಾಡಿ, ತರಕಾರಿ, ಹಣ್ಣು, ಧಾನ್ಯಗಳನ್ನು ಹೆಚ್ಚು ಸೇವಿಸಲು ಸಲಹೆ ನೀಡಲಾಯಿತು. 2006ರ ವರದಿಯಂತೆ, ಸುಮಾರು 8 ವರ್ಷಗಳ ನಂತರವೂ ಈ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ನಿಶ್ಚಿತವೆನ್ನುವಷ್ಟು ಕಡಿಮೆಯಾಗಲಿಲ್ಲ. ಆದರೆ ಸುಮಾರು 20 ವರ್ಷಗಳ ಅವಲೋಕನದಲ್ಲಿ ಸ್ತನ ಕ್ಯಾನ್ಸರಿನಿಂದ ಸಂಭವಿಸಿದ ಸಾವುಗಳು ಶೇ. 21ರಷ್ಟು ಕಡಿಮೆ ಇದ್ದವು. ಕೊಬ್ಬಿನ ಜೊತೆಗೆ ಉಳಿದ ಆಹಾರವೂ ಬದಲಾಗಿದ್ದುದರಿಂದ ಇದರ ಶ್ರೇಯವನ್ನು ಕೊಬ್ಬಿನ ಕಡಿತಕ್ಕೆ ಮಾತ್ರ ಸಲ್ಲಿಸಲಾಗದು.

ಇದಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಬೊಜ್ಜಿನ ಬಗ್ಗೆ. ದೇಹದಲ್ಲಿ ಸಂಗ್ರಹವಾದ ಅತಿಯಾದ ಕೊಬ್ಬು 13 ಬಗೆಯ ಕ್ಯಾನ್ಸರ್‌ಗಳ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ನಿರ್ಣಯಿಸಿದೆ. ಋತುಬಂಧದ ನಂತರ ಮಹಿಳೆಯರ ದೇಹದಲ್ಲಿ ಈಸ್ಟ್ರೋಜನ್ ಮುಖ್ಯವಾಗಿ ತಯಾರಾಗುವುದು ಕೊಬ್ಬಿನ ಅಂಗಾಂಶದಲ್ಲಿ. ಬೊಜ್ಜಿನೊಂದಿಗೆ ರಕ್ತದಲ್ಲಿನ ಇನ್ಸುಲಿನ್ ಮಟ್ಟವೂ ಏರುತ್ತದೆ. ಈ ಎರಡೂ ಕೋಶ ವಿಭಜನೆಯನ್ನು ಉತ್ತೇಜಿಸುತ್ತವೆ. ಆದುದರಿಂದ ಎಣ್ಣೆಯ ಹೆಸರಿಗಿಂತ ಅದರ ಅಳತೆಗೆ ಮೊದಲ ಗಮನ ಕೊಡುವುದು ಸೂಕ್ತ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು 2000 ಕಿಲೋ ಕ್ಯಾಲೊರಿಯ ಆಹಾರದಲ್ಲಿ 27 ಗ್ರಾಂ ಎಣ್ಣೆ ಹಾಗೂ ಕೊಬ್ಬನ್ನು ಸೂಚಿಸುತ್ತದೆ. ಈ ಲೆಕ್ಕದಲ್ಲಿ ನಾಲ್ವರು ವಯಸ್ಕರ ಮನೆಗೆ, ತುಪ್ಪ ಬೆಣ್ಣೆ ಸೇರಿ, ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಆಗುತ್ತದೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಹೊಲದಲ್ಲಿ ಕಠಿಣ ದುಡಿಮೆ ಮಾಡುವವರಿಗೆ ಅಗತ್ಯ ತುಸು ಹೆಚ್ಚಿರುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಒಗ್ಗರಣೆಗೆ ಬಳಸಿ ಬೇಗ ಮುಗಿಸುವುದು ಒಳಿತು.

ಶೇಂಗಾ ಬೆಳೆಗಾರರಿಗೆ ಒಂದು ಎಚ್ಚರಿಕೆ. ಇಲ್ಲಿ ಅಪಾಯವಿರುವುದು ಕೊಬ್ಬಿನಲ್ಲಲ್ಲ, ಬೂಷ್ಟಿನಲ್ಲಿ. ಸರಿಯಾಗಿ ಒಣಗದ ಕಾಯಿಯಲ್ಲಿ ಆಸ್ಪರ್ಜಿಲ್ಲಸ್ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಇದು ಯಕೃತ್ತಿನ ಕ್ಯಾನ್ಸರ್ ಉಂಟುಮಾಡುವುದು ಸಿದ್ಧಪಟ್ಟಿದೆ, ಅಡುಗೆಯ ಶಾಖಕ್ಕೆ ಇದು ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ಗಾಣಕ್ಕೆ ಹಾಕಿದರೆ ಶುದ್ಧೀಕರಿಸದ ಎಣ್ಣೆಯಲ್ಲಿ ಅದರ ಅಂಶ ಉಳಿಯಬಹುದು. ಹಿಂಡಿಯಲ್ಲಿ ಇನ್ನೂ ಹೆಚ್ಚು ಉಳಿದು, ಅದನ್ನು ತಿಂದ ಹಸುವಿನ ಹಾಲಿಗೂ ಸೇರುತ್ತದೆ. ಕಾಯಿಗಳನ್ನು ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸಿ, ಮುರುಟಿದ ಹಾಗೂ ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯಿರಿ. ಅಂತಹ ಕಾಳನ್ನು ಅಗ್ಗದ ಬೆಲೆಗೆ ಗಾಣಕ್ಕೆ ಕೊಡುವ ರೂಢಿಯನ್ನು ನಿಲ್ಲಿಸಲೇಬೇಕು.

ಮನೆಯಲ್ಲಿ ಈಗಾಗಲೇ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ ಮೇಲಿನ ಅಳತೆಯನ್ನು ಅವರಿಗೆ ಅನ್ವಯಿಸಬೇಡಿ. ಅವರಲ್ಲಿ ಹಲವರಿಗೆ ಹಸಿವು ಕುಗ್ಗಿ ತೂಕ ಇಳಿಯುತ್ತದೆ. ತೂಕ ಇಳಿದಂತೆ ಚಿಕಿತ್ಸೆಯನ್ನು ತಡೆದುಕೊಳ್ಳುವ ಶಕ್ತಿಯೂ ಕುಂದುತ್ತದೆ. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋ ಕ್ಯಾಲೊರಿ ಶಕ್ತಿ ದೊರೆಯುವುದರಿಂದ, ನಾಲ್ಕು ತುತ್ತು ಉಣ್ಣುವವರ ಗಂಜಿಗೆ ಬೆರೆಸಿದ ಒಂದು ಚಮಚ ತುಪ್ಪವೂ ಅವರಿಗೆ ಆಸರೆಯಾಗಬಲ್ಲದು. ಅಗಸೆ ಚಟ್ನಿಪುಡಿ ಊಟದ ಜೊತೆಗೆ ಚೆನ್ನ, ಒಮೆಗಾ-3 ಕೊಬ್ಬನ್ನೂ ಒದಗಿಸುತ್ತದೆ, ಆದರೆ ಅದು ಔಷಧಿಯಲ್ಲ. ಪ್ರತಿ ವಾರ ರೋಗಿಯ ತೂಕವನ್ನು ಬರೆದಿಟ್ಟುಕೊಂಡು, ಇಳಿಯುತ್ತಿದ್ದರೆ ಮುಂದಿನ ಭೇಟಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಆ ಚೀಟಿಯನ್ನು ತೋರಿಸಿ.