ಅಕ್ಕರೆಯಲ್ಲ, ಕಾವಲು

"ಎಲ್ಲಿದ್ದೀಯ? ಜೊತೆಗೆ ಯಾರಿದ್ದಾರೆ? ಫೋಟೊ ಕಳಿಸು." ಗಂಟೆಗೊಮ್ಮೆ ಇಂಥ ಮೆಸೇಜು ಬಂದರೆ ಹದಿನೈದರ ಹುಡುಗಿಗೆ ಅದು ಅಕ್ಕರೆಯಂತೆಯೇ ಕಾಣುತ್ತದೆ. ಪಾಸ್‌ವರ್ಡ್ ಕೇಳುವುದು, ಗೆಳತಿಯರಿಂದ ದೂರ ಮಾಡುವುದು, ಬಿಟ್ಟುಹೋದರೆ ಸಾಯುತ್ತೇನೆಂದು ಹೆದರಿಸುವುದು ಆಮೇಲಿನ ಮಾತು. ಕೈ ಎತ್ತುವ ಹೊತ್ತಿಗೆ ಅವಳ ಪರವಾಗಿ ಮಾತಾಡುವವರು ಹತ್ತಿರ ಉಳಿದಿರುವುದಿಲ್ಲ.

ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್‌ನ ಶಾಲೆಗಳಲ್ಲಿ ಈ ಲಕ್ಷಣಗಳನ್ನು ಗುರುತಿಸುವುದೂ ಒಂದು ಪಾಠ. 2005ರಲ್ಲಿ 23 ವರ್ಷದ ಲಿಂಡ್ಸೆ ಆನ್ ಬರ್ಕ್‌ಳನ್ನು ಆಕೆಯ ಮಾಜಿ ಪ್ರಿಯಕರ ಕೊಂದ. ತಾಯಿ ಆನ್ ಬರ್ಕ್ ಶಾಲೆಯಲ್ಲಿ ಆರೋಗ್ಯ ಶಿಕ್ಷಣದ ಟೀಚರ್. ತಾನು ಕಲಿಸುವ ವಿಷಯದಲ್ಲೇ ಇದಕ್ಕೂ ಜಾಗ ಬೇಕೆಂದು ಆ ತಾಯಿ ಪಟ್ಟು ಹಿಡಿದರು. 2007ರಲ್ಲಿ ಮಗಳ ಹೆಸರಿನ ಕಾನೂನು ಬಂತು. ಏಳರಿಂದ ಹನ್ನೆರಡನೆಯ ತರಗತಿಯವರೆಗೆ ಪ್ರತಿ ವರ್ಷ ಈ ಪಾಠ ನಡೆಯಬೇಕು, ಶಿಕ್ಷಕರಿಗೂ ತರಬೇತಿ ಸಿಗಬೇಕು ಎಂದು ಅದು ಹೇಳುತ್ತದೆ.

ಪಾಠ ಹೇಳಿದರೆ ಹೊಡೆತ ನಿಲ್ಲುತ್ತದೆಯೇ?

ಕೆನಡಾದ ಒಂಟಾರಿಯೊದಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ವುಲ್ಫ್ ಅವರ ತಂಡ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. 20 ಶಾಲೆಗಳ 14-15 ವಯಸ್ಸಿನ 1,722 ಮಕ್ಕಳು ಅದರಲ್ಲಿದ್ದರು. ಕೆಲವು ಶಾಲೆಗಳಲ್ಲಿ 'ಫೋರ್ತ್ ಆರ್' ಎಂಬ 21 ಪಾಠಗಳು ನಡೆದವು. ಓದು, ಬರಹ, ಲೆಕ್ಕದ ಜೊತೆ ಸಂಬಂಧವೂ ಕಲಿಯಬೇಕಾದ ನಾಲ್ಕನೆಯ ವಿದ್ಯೆ ಎಂಬುದು ಆ ಹೆಸರಿನ ಅರ್ಥ. ಉಪದೇಶಕ್ಕಿಂತ ಅಭ್ಯಾಸ ಹೆಚ್ಚು: 'ಬೇಡ' ಎಂದು ಹೇಗೆ ಹೇಳುವುದು, ಕೇಳಿಸಿಕೊಂಡವರು ಹೇಗೆ ನಡೆದುಕೊಳ್ಳುವುದು ಎಂಬುದನ್ನು ಮಕ್ಕಳು ಅಭಿನಯಿಸಿ ಕಲಿತರು. ಎರಡೂವರೆ ವರ್ಷದ ನಂತರ ಕೇಳಿದಾಗ, ಸಂಗಾತಿಯ ಮೇಲೆ ಕೈ ಮಾಡಿದ್ದಾಗಿ ಒಪ್ಪಿಕೊಂಡ ಹುಡುಗರು ಮಾಮೂಲಿ ಪಾಠದ ಶಾಲೆಗಳಲ್ಲಿ ಶೇ. 7.1, ಹೊಸ ಪಾಠದ ಶಾಲೆಗಳಲ್ಲಿ ಶೇ. 2.7. ಹುಡುಗಿಯರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

ಮುಂಬೈಯಲ್ಲಿ ಇದೇ ಮಾತು ಮೈದಾನಕ್ಕಿಳಿಯಿತು. 'ಪರಿವರ್ತನ್' ಕಾರ್ಯಕ್ರಮದಲ್ಲಿ ಕ್ರಿಕೆಟ್ ಕೋಚ್‌ಗಳೇ ಶಾಲಾ ಹುಡುಗರೊಡನೆ ಹೆಣ್ಣುಮಕ್ಕಳನ್ನು ಗೌರವಿಸುವ ಬಗ್ಗೆ, ಸಿಟ್ಟು ತಡೆದುಕೊಳ್ಳುವ ಬಗ್ಗೆ ಮಾತಾಡಿದರು. ಅಪ್ಪನ ಮಾತಿಗೆ ಕಿವಿಗೊಡದ ಹುಡುಗನೂ ಕೋಚ್ ಹೇಳಿದರೆ ಕೇಳುತ್ತಾನೆ.

ನಮ್ಮ ಮನೆಗಳಲ್ಲಿ ತೊಡಕು ಇನ್ನೊಂದಿದೆ. ವಿಷಯ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ ಎಂಬ ಭಯಕ್ಕೇ ಹುಡುಗಿ ಬಾಯಿ ಬಿಡುವುದಿಲ್ಲ. ಬೆನ್ನುಹತ್ತಿ ಕಾಡುವುದು 2013ರಿಂದಲೇ ನಮ್ಮಲ್ಲಿ ಪ್ರತ್ಯೇಕ ಅಪರಾಧ. ಹದಿನೆಂಟು ತುಂಬದವರಿಗೆ 1098 ಸಹಾಯವಾಣಿ, ಮಹಿಳೆಯರಿಗೆ 181 ಇದೆ. ಆದರೂ ಮಗಳು ಮೊದಲು ಹುಡುಕುವುದು ಅಮ್ಮನ ಮುಖವನ್ನು. "ತಪ್ಪು ನಿನ್ನದಲ್ಲ, ಕಾಲೇಜು ಬಿಡಿಸೋದಿಲ್ಲ, ಏನಾಯ್ತು ಹೇಳು ಮಗಳೇ" ಎಂದು ಅಮ್ಮ ಕೇಳಿದ ದಿನ ಅವಳು ಫೋನ್ ತೆಗೆದು ಆ ಮೆಸೇಜುಗಳನ್ನು ತೋರಿಸಬಹುದು.