ಸಹೋದ್ಯೋಗಿಯೇ ಮಾರ್ಗದರ್ಶಿ: ಸಣ್ಣ ಘಟಕಗಳ ಕಾರ್ಯಸಂಸ್ಕೃತಿ ಸುಧಾರಣೆಗೆ ಒಂದು ವಿಧಾನ

ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ದುರಸ್ತಿ ಮಾಡಿಸಬಹುದು. ಆದರೆ ಇಪ್ಪತ್ತು ವರ್ಷ ಲೇತ್ ನಡೆಸಿದ ಕುಶಲಕರ್ಮಿ ಕೆಲಸ ಬಿಟ್ಟು ಹೊರಟಾಗ ಆತನೊಂದಿಗೆ ಹೋಗುವ ತಿಳಿವಳಿಕೆಯನ್ನು ಮರಳಿ ಪಡೆಯುವುದು ಕಷ್ಟ. ವ್ಯಾಪಾರ ಮಳಿಗೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹಳೆಯ ಗುಮಾಸ್ತರಿಗೆ ಸರಕಿನ ಗುಣ ಮತ್ತು ಗಿರಾಕಿಗಳ ಉದ್ರಿ ವ್ಯವಹಾರ ಕರತಲಾಮಲಕ. ಹೊಸದಾಗಿ ಸೇರಿದ ಯುವಕನಿಗೆ ಗಣಕಯಂತ್ರದಲ್ಲಿ ಜಿ.ಎಸ್.ಟಿ. ಬಿಲ್ ಸಿದ್ಧಪಡಿಸುವುದು ಸಲೀಸು. ಒಬ್ಬರ ಅರಿವು ಇನ್ನೊಬ್ಬರಿಗೆ ತಲುಪದೆ ಹೋದರೆ ನಷ್ಟ ಅನುಭವಿಸುವವನು ಮಾಲೀಕನೇ. ಈ ಕೊರತೆಯನ್ನು ನೀಗಿಸಲು ನೆರವಾಗುವ ವಿಧಾನವೇ ಸಹೋದ್ಯೋಗಿ ಮಾರ್ಗದರ್ಶನ, ಅಂದರೆ ‘ಪೀರ್ ಕೋಚಿಂಗ್’.

ವಿಧಾನದ ಹಿನ್ನೆಲೆ

ಸರಿಸಮಾನ ಸ್ಥಾನದಲ್ಲಿರುವ ಇಬ್ಬರು ಕೆಲಸಗಾರರು ಪರಸ್ಪರರ ಕೆಲಸವನ್ನು ಗಮನಿಸಿ ಕಲಿಯುವುದೇ ಇದರ ತಿರುಳು. ಇದು ಮೇಲ್ವಿಚಾರಣೆಯಲ್ಲ, ತಪಾಸಣೆಯೂ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಇದನ್ನು ಶಾಲಾ ಶಿಕ್ಷಕರಿಗಾಗಿ ರೂಪಿಸಿದರು. ತರಬೇತಿ ಶಿಬಿರದಲ್ಲಿ ಕೇಳಿದ್ದು, ಕಂಡದ್ದು ತರಗತಿಯಲ್ಲಿ ಬಳಕೆಗೆ ಬರಬೇಕಾದರೆ ಜೊತೆಗಾರರ ನಿರಂತರ ಬೆಂಬಲ ಅಗತ್ಯವೆಂಬುದು ಅವರ ಅನುಭವವಾಗಿತ್ತು.

ಅವರು 1996ರಲ್ಲಿ ಬರೆದ ಇನ್ನೊಂದು ಮಾತು ಉದ್ಯಮಿಗಳಿಗೆ ಹೆಚ್ಚು ಉಪಯುಕ್ತ. ಜೊತೆಗಾರರು ಪರಸ್ಪರರ ಕೆಲಸ ನೋಡಿ ಅಭಿಪ್ರಾಯ ಹೇಳತೊಡಗಿದಾಗ ಅದು ಬಹುಬೇಗ ಗುಣದೋಷ ವಿಮರ್ಶೆಯ ರೂಪ ತಾಳುತ್ತಿತ್ತು. ಆದ್ದರಿಂದ ಅವರು ಅಭಿಪ್ರಾಯ ಹೇಳುವ ಪದ್ಧತಿಯನ್ನೇ ಕೈಬಿಟ್ಟರು. ಕೆಲಸ ಮಾಡಿ ತೋರಿಸುವವನೇ ಮಾರ್ಗದರ್ಶಿ. ನೋಡುವವನು ಕಲಿಯುವವನು ಎಂದು ನಿಯಮವನ್ನು ಬದಲಿಸಿದರು. ತಪ್ಪು ಹುಡುಕುವ ಕಣ್ಣು ಬಂದೊಡನೆ ಸ್ನೇಹಭಾವ ದೂರವಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಕಲಿಸುವ ನಾಲ್ಕು ಹಂತಗಳು

ಕೆಲಸ ಬಲ್ಲವರೆಲ್ಲರೂ ಕಲಿಸಬಲ್ಲರೆಂದಲ್ಲ. ಇದಕ್ಕೊಂದು ಕ್ರಮವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರಕಾರವು 1940ರಿಂದ 1945ರವರೆಗೆ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮವನ್ನು ನಡೆಸಿತು. ಅನುಭವಿ ಕೆಲಸಗಾರರು ಯುದ್ಧಕ್ಕೆ ತೆರಳಿದಾಗ ಹೊಸಬರನ್ನು ಬೇಗನೆ ಸಿದ್ಧಗೊಳಿಸುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. ಯುದ್ಧಾನಂತರ ಇದು ಜಪಾನಿನ ಕಾರ್ಖಾನೆಗಳಿಗೂ ಹರಡಿತು. ಇದರ ನಾಲ್ಕು ಹಂತಗಳು ಹೀಗಿವೆ:

1. ಕಲಿಯುವವನನ್ನು ನಿರಾಳಗೊಳಿಸಿ, ಆತನಿಗೆ ಈಗಾಗಲೇ ಏನು ಗೊತ್ತಿದೆ ಎಂಬುದನ್ನು ತಿಳಿಯುವುದು.
2. ಕೆಲಸವನ್ನು ಒಂದೊಂದೇ ಹಂತವಾಗಿ ಮಾಡಿ ತೋರಿಸಿ, ಮುಖ್ಯಾಂಶಗಳನ್ನು ವಿವರಿಸುವುದು.
3. ಕಲಿಯುವವನಿಂದಲೇ ಮಾಡಿಸಿ, ಮುಖ್ಯಾಂಶಗಳನ್ನು ಆತನ ಬಾಯಿಂದಲೇ ಹೇಳಿಸುವುದು.
4. ಸ್ವತಂತ್ರವಾಗಿ ಕೆಲಸಕ್ಕೆ ಬಿಟ್ಟು, ಸಂದೇಹ ಬಂದಾಗ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ವಿಚಾರಿಸುವುದು.

ಒಂದು ಉದಾಹರಣೆ ನೋಡೋಣ. ಗ್ರೈಂಡಿಂಗ್ ಯಂತ್ರಕ್ಕೆ ಹೊಸ ಸಾಣೆಚಕ್ರ ಜೋಡಿಸುವ ಮುನ್ನ ಅದನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಸದ್ದು ಗಂಟೆಯಂತೆ ಸ್ಪಷ್ಟವಾಗಿರಬೇಕು. ಮಂಕಾಗಿ ಕೇಳಿಸಿದರೆ ಆ ಚಕ್ರವನ್ನು ಬಳಸಕೂಡದು. ಏಕೆಂದರೆ ಕಣ್ಣಿಗೆ ಕಾಣದ ಬಿರುಕಿದ್ದರೆ ವೇಗವಾಗಿ ತಿರುಗುವಾಗ ಚಕ್ರ ಸಿಡಿಯಬಹುದು. ಬಹಳಷ್ಟು ಕಡೆ ‘ಚಕ್ರ ಜೋಡಿಸು’ ಎಂದಷ್ಟೇ ಹೇಳಲಾಗುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣ ತಿಳಿದವನು ಅವಸರದಲ್ಲಿಯೂ ಈ ಪರೀಕ್ಷೆಯನ್ನು ಬಿಡಲಾರ.

ಜಾರಿಗೆ ತರುವ ಬಗೆ

ಮೊದಲು ಪದೇ ಪದೇ ದೋಷ ಕಾಣಿಸಿಕೊಳ್ಳುವ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿರಿ. ಅನುಭವಿಗಳನ್ನು ಕೂಡಿಸಿ ಅದರ ಸರಿಯಾದ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆಯಿಸಿರಿ. ಈ ಹೆಜ್ಜೆಯನ್ನು ಬಿಟ್ಟರೆ ಒಬ್ಬನ ತಪ್ಪು ಅಭ್ಯಾಸವೇ ಎಲ್ಲರಿಗೂ ಹಬ್ಬುವ ಅಪಾಯವಿದೆ. ಬಳಿಕ ಪರಸ್ಪರ ಒಪ್ಪಿಗೆಯಿಂದ ಜೋಡಿಗಳನ್ನು ಮಾಡಿ, ವಾರಕ್ಕೆ ಅರ್ಧ ಗಂಟೆಯನ್ನು ಇದಕ್ಕಾಗಿಯೇ ಮೀಸಲಿಡಿರಿ. ಸಾಧ್ಯವಾದೆಡೆ ಕಲಿಕೆ ಎರಡೂ ಕಡೆಯಿಂದ ನಡೆಯಲಿ. ಗುಮಾಸ್ತರು ಸರಕಿನ ಪರೀಕ್ಷೆಯನ್ನು ಕಲಿಸಲಿ, ಯುವಕನು ಬಿಲ್ಲಿನ ಕೆಲಸವನ್ನು ಕಲಿಸಲಿ. ಹೀಗಾದಾಗ ಹಿರಿಯರಿಗೆ ಕಿರಿಯರಿಂದ ಕಲಿಯುವ ಮುಜುಗರವೂ ಕಡಿಮೆಯಾಗುತ್ತದೆ.

ಮಾಲೀಕರ ಹೊಣೆ

ಈ ವಿಧಾನದ ಯಶಸ್ಸು ಬಹುಮಟ್ಟಿಗೆ ಮಾಲೀಕರ ನಡವಳಿಕೆಯನ್ನು ಅವಲಂಬಿಸಿದೆ. ಮೊದಲನೆಯದಾಗಿ, ಕಲಿಸುವ ಸಮಯಕ್ಕೆ ಸಂಬಳ ಸಲ್ಲಬೇಕು. ನಗಲೆಕ್ಕದಲ್ಲಿ ಕೂಲಿ ಪಡೆಯುವವನು ಇನ್ನೊಬ್ಬನಿಗೆ ಕಲಿಸಲು ನಿಂತರೆ ಆತನ ಗಳಿಕೆಯೇ ಕುಗ್ಗುತ್ತದೆ. ಆ ನಷ್ಟವನ್ನು ತುಂಬಿಕೊಡದೆ ಸಹಕಾರವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಎರಡನೆಯದಾಗಿ, ವಿದ್ಯೆ ಹಂಚಿಕೊಂಡರೆ ತನ್ನ ಕೆಲಸಕ್ಕೇ ಕುತ್ತು ಬಂದೀತೆಂಬ ಭಯ ಹಳಬರಲ್ಲಿ ಸಹಜ. ಕಲಿಸಿದವರನ್ನು ಕೆಲಸದಿಂದ ಬಿಡಿಸಿ ಅಗ್ಗದ ಕೂಲಿಯವರನ್ನು ಇಟ್ಟುಕೊಂಡ ಘಟಕದಲ್ಲಿ ಮತ್ತೆಂದೂ ಯಾರೂ ಬಾಯಿಬಿಡರು. ಮೂರನೆಯದಾಗಿ, ಜೋಡಿಯ ನಡುವಿನ ಮಾತುಕತೆಯನ್ನು ಮಾಲೀಕರು ವರದಿಯಾಗಿ ಕೇಳಬಾರದು.

ಭಯ ಹೋದಂತೆ ಆರಂಭದಲ್ಲಿ ತಪ್ಪುಗಳ ಲೆಕ್ಕ ಏರಿದಂತೆ ಕಂಡರೆ ಗಾಬರಿಯಾಗಬೇಕಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ಶುಶ್ರೂಷಾ ತಂಡಗಳ ಬಗ್ಗೆ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತಮ ಹೊಂದಾಣಿಕೆಯ ತಂಡಗಳಲ್ಲಿಯೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಅದಕ್ಕೆ ಕಾರಣವೆಂದು ಅವರು ವಿವರಿಸಿದರು. ದೋಷವುಳ್ಳ ಬಿಡಿಭಾಗ ಗಿರಾಕಿಯ ಕೈಸೇರಿ ಹಿಂದಿರುಗುವುದಕ್ಕಿಂತ ನಮ್ಮ ಅಂಗಳದಲ್ಲಿಯೇ ಪತ್ತೆಯಾಗುವುದು ಲೇಸಲ್ಲವೇ?

ಕಡಿಮೆ ಸಂಬಳ, ಅತಿಯಾದ ದುಡಿಮೆಯ ಅವಧಿ, ಗಾಳಿ-ಬೆಳಕಿಲ್ಲದ ಕಟ್ಟಡ ಇವುಗಳಿಗೆ ಈ ವಿಧಾನ ಪರಿಹಾರವಲ್ಲ. ಕಾನೂನಿನ ಪ್ರಕಾರ ನೀಡಬೇಕಾದ ಸುರಕ್ಷತಾ ತರಬೇತಿಗೆ ಇದು ಬದಲಿಯೂ ಅಲ್ಲ. ಆದರೆ ಹೆಚ್ಚಿನ ಬಂಡವಾಳವನ್ನು ಬೇಡದ ಸುಧಾರಣೆ ಇದು. ತಿರಸ್ಕೃತ ಮಾಲಿನ ಪ್ರಮಾಣ, ಮರುಕೆಲಸದ ಗಂಟೆಗಳು, ಹೊಸಬನು ಸ್ವತಂತ್ರವಾಗಿ ಕೆಲಸ ನಿರ್ವಹಿಸಲು ಹಿಡಿಯುವ ದಿನಗಳು ಎಂಬ ಮೂರು ಅಂಕಿಗಳನ್ನು ಇಂದೇ ಬರೆದಿಡಿರಿ. ಮೂರು ತಿಂಗಳ ನಂತರ ಹೋಲಿಸಿರಿ. ಮುಂದುವರಿಸಬೇಕೋ ಬೇಡವೋ ಎಂಬುದನ್ನು ನಿಮ್ಮ ಘಟಕದ ಲೆಕ್ಕವೇ ಹೇಳುತ್ತದೆ.